ಬಂಜೆ ಎಂಬ ಮಾತಿಗೆ ಪುಲ್ಲಿಂಗವಿಲ್ಲ

ಹೊಲ ಬೆಳೆ ಕೊಡದಿದ್ದರೆ ಬಂಜರು ಅನ್ನುತ್ತೇವೆ. ಹಸು ಗಬ್ಬ ಕಟ್ಟದಿದ್ದರೆ ಗೊಡ್ಡು ಅನ್ನುತ್ತೇವೆ. ಹೆಂಗಸಿಗೆ ಮಕ್ಕಳಾಗದಿದ್ದರೆ ಬಂಜೆ ಅನ್ನುತ್ತೇವೆ. ಮಕ್ಕಳಾಗದ ಗಂಡಸಿಗೆ ಏನನ್ನುತ್ತೇವೆ? ಯೋಚಿಸಿ ನೋಡಿ. ನಮ್ಮ ಆಡುಮಾತಿನಲ್ಲಿ ಅದಕ್ಕೊಂದು ಪದವೇ ಇಲ್ಲ. ಷಂಡ, ನಪುಂಸಕ ಎಂಬ ಬೈಗುಳಗಳಿವೆ ನಿಜ. ಆದರೆ ಅವು ಹೇಳುವುದು ಹೆಂಡತಿಯ ಜೊತೆ ಸಂಸಾರ ಮಾಡಲಾಗದವನ ವಿಷಯ. ಸಂಸಾರ ಚೆನ್ನಾಗಿಯೇ ಮಾಡುತ್ತಾನೆ, ಮೈಕಟ್ಟು ಗಟ್ಟಿಯಾಗಿದೆ, ಆದರೂ ಅವನ ವೀರ್ಯದಿಂದ ಮಗು ಆಗುವುದಿಲ್ಲ - ಇಂಥ ಗಂಡಸು ಇರಬಹುದು ಎಂಬುದನ್ನೇ ನಮ್ಮ ಭಾಷೆ ಒಪ್ಪಿಕೊಂಡಿಲ್ಲ. ಪದವಿಲ್ಲದ ಕಡೆ ಪ್ರಶ್ನೆಯೂ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟದ ಕಡೆ ತಪ್ಪೆಲ್ಲ ಹೆಣ್ಣಿನ ತಲೆಗೆ ಬರುತ್ತದೆ.

ಗೆಳತಿಯರೇ, ಸಂಘದ ಕೆಲಸಕ್ಕೆಂದು ನಾನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳನ್ನು ವರ್ಷಗಳಿಂದ ಸುತ್ತುತ್ತಿದ್ದೇನೆ. ಸಭೆ ಮುಗಿದು ಎಲ್ಲರೂ ಎದ್ದ ಮೇಲೆ, ಒಬ್ಬಳು ಹೆಣ್ಣುಮಗಳು ಪಾಸ್‌ಬುಕ್ಕನ್ನು ಮಡಚುತ್ತಾ ಹಿಂದೆ ಉಳಿಯುತ್ತಾಳೆ. 'ಅಕ್ಕಾ, ಒಂದ್ ಮಾತು' ಅನ್ನುತ್ತಾಳೆ. ಆ ಒಂದು ಮಾತು ಬಹಳ ಸಲ ಇದೇ ಆಗಿರುತ್ತದೆ.

ಚನ್ನರಾಯಪಟ್ಟಣದ ಕಡೆಯ ಒಬ್ಬಳು ಮದುವೆಯಾದ ಆರು ವರ್ಷದಲ್ಲಿ ನಾಲ್ಕು ಊರಿನ ಡಾಕ್ಟರುಗಳನ್ನು ಕಂಡಿದ್ದಳು. ಅವಳ ಬಳಿ ಒಂದು ಬಟ್ಟೆ ಚೀಲದ ತುಂಬ ರಿಪೋರ್ಟುಗಳಿದ್ದವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆದ ಎಕ್ಸ್‌ರೇ, ಎರಡು ಸಲ ಗರ್ಭಕೋಶ ಕೆರೆದು ತೆಗೆದ ಚೀಟಿ. ಚೀಲವನ್ನೆಲ್ಲ ನೆಲಕ್ಕೆ ಸುರಿದು ಒಂದೊಂದಾಗಿ ನೋಡಿದೆ. ಗಂಡನ ಹೆಸರಿನ ಒಂದು ಹಾಳೆಯೂ ಅದರಲ್ಲಿರಲಿಲ್ಲ. ಅವಳ ಸಂಘದ ಸಾಲ ಮೂರು ಸಲವೂ 'ಆಸ್ಪತ್ರೆ ಖರ್ಚು' ಎಂದು ಬರೆದು ತೆಗೆದದ್ದಾಗಿತ್ತು.

ಹೊಳೆನರಸೀಪುರದ ಕಡೆ ಇನ್ನೊಂದು ಮನೆ. ಮಕ್ಕಳಾಗಲಿಲ್ಲವೆಂದು ಮೊದಲನೆಯವಳನ್ನು ತವರಿಗೆ ಕಳಿಸಿ ಎರಡನೆಯವಳನ್ನು ತಂದರು. ನಾಲ್ಕು ವರ್ಷ ಕಳೆಯಿತು. ಅವಳಿಗೂ ಆಗಲಿಲ್ಲ. ಆಗ ಅತ್ತೆ ಹೇಳಿದ್ದೇನು ಗೊತ್ತೇ? 'ನನ್ನ ಮಗನ ಹಣೇಲಿ ಎರಡೂ ಬಂಜೇನೇ ಬರ್ದಿತ್ತು.' ಎರಡು ಹೆಣ್ಣು ಬದಲಾದರೂ ಬದಲಾಗದೆ ಉಳಿದವನು ಒಬ್ಬನೇ. ಅವನ ಕಡೆ ಯಾರ ಕಣ್ಣೂ ತಿರುಗಲಿಲ್ಲ.

ಅರಕಲಗೂಡಿನ ಕಡೆಯವಳ ಕತೆಯಲ್ಲಿ ಒದೆತವೂ ಸೇರಿತ್ತು. ಹಬ್ಬ, ನಾಮಕರಣ, ಸೀಮಂತ ಯಾವುದಕ್ಕೂ ಅವಳನ್ನು ಮುಂದೆ ಬಿಡುತ್ತಿರಲಿಲ್ಲ. ವಾರಗಿತ್ತಿ ತನ್ನ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಗಂಡ ಕುಡಿದು ಬಂದ ರಾತ್ರಿ 'ತಿನ್ನೋಕ್ ಮಾತ್ರ ಬತ್ತೀಯ' ಎಂದು ಹೊಡೆಯುತ್ತಿದ್ದ.

ಇದು ವರದಕ್ಷಿಣೆಯ ಪ್ರಶ್ನೆಯೂ ಹೌದು. ಮೊದಲ ಮದುವೆಯಲ್ಲಿ ಬಂದ ಒಡವೆ, ಹಣ ಕರಗಿದ ಮೇಲೆ ಇನ್ನೊಂದು ಮದುವೆಗೆ ಒಂದು ನೆಪ ಬೇಕು. 'ವಂಶ ಬೆಳೀಬೇಕಲ್ಲ' ಎಂಬುದಕ್ಕಿಂತ ಮರ್ಯಾದಸ್ತ ನೆಪ ಯಾವುದಿದೆ? ಊರವರೂ ಒಪ್ಪುತ್ತಾರೆ, ಪಂಚಾಯಿತಿ ಕಟ್ಟೆಯಲ್ಲಿ ಕೂತ ಹಿರಿಯರೂ ಒಪ್ಪುತ್ತಾರೆ. ಎಷ್ಟೋ ಸಲ ಹೆಣ್ಣಿನ ಅಪ್ಪ ಅಮ್ಮನೂ ತಲೆ ತಗ್ಗಿಸಿ, ಕಿರಿಯ ಮಗಳನ್ನೇ ಅದೇ ಮನೆಗೆ ಕೊಡಲು ಸಿದ್ಧರಾಗುತ್ತಾರೆ. ಹೀಗೆ ಒಂದು ಮನೆಯ ಎರಡು ಹೆಣ್ಣುಗಳನ್ನು ಒಬ್ಬ ಪರೀಕ್ಷೆಯಾಗದ ಗಂಡಿಗೆ ಒಪ್ಪಿಸುತ್ತೇವೆ.

ಈಗ ನಾನು ಇಲಿಗಳ ವಿಷಯ ಹೇಳಬೇಕು. ಇದೇನು, ಹೆಣ್ಣಿನ ಗೋಳು ಹೇಳುತ್ತಾ ಇಲಿಗೆ ಹೋದಳು ಅನ್ನಬೇಡಿ. ವಿಜ್ಞಾನಿಗಳ ಇಲಿ ಬೋನಿನಲ್ಲಿ ನಮ್ಮ ಮನೆಗಳಲ್ಲಿ ಸಿಗದ ಒಂದು ನ್ಯಾಯ ಸಿಗುತ್ತದೆ. ಅದನ್ನು ತಿಳಿದುಕೊಳ್ಳುವುದು ನಮಗೆ ಒಳ್ಳೆಯದು.

ಮೊದಲು ವೀರ್ಯಾಣು ಎಂದರೇನು ನೋಡೋಣ. ಮಳೆಗಾಲದಲ್ಲಿ ಕೆರೆಯಂಚಿನಲ್ಲಿ ಗೊದಮೊಟ್ಟೆ ಮರಿಗಳನ್ನು ನೋಡಿದ್ದೀರಿ. ಒಂದು ತಲೆ, ಉದ್ದನೆಯ ಬಾಲ. ವೀರ್ಯಾಣುವೂ ಅದೇ ಆಕಾರದ್ದು. ಆದರೆ ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರಿನಲ್ಲಿ ಹದಿನೆಂಟು ಇಪ್ಪತ್ತನ್ನು ಉದ್ದಕ್ಕೆ ಜೋಡಿಸಬಹುದು. ತಲೆಯೊಳಗೆ ಅಪ್ಪನ ಕಡೆಯ ವಂಶದ ಗಂಟು ಇರುತ್ತದೆ. ಕತ್ತಿನ ಕೆಳಗೆ ಶಕ್ತಿ ಕೊಡುವ ಭಾಗವಿದೆ. ಅದರಿಂದಾಚೆಗೆ ಬಾಲ. ಬಾಲದ ನಡುವೆ ಉದ್ದಕ್ಕೂ ಕೊಳವೆಯಂಥ ಎಳೆಗಳಿವೆ: ಸುತ್ತಲೂ ಒಂಬತ್ತು ಜೋಡಿ, ನಡುವೆ ಎರಡು. ಈ ಎಳೆಗಳು ಒಂದನ್ನೊಂದು ಜಗ್ಗಿದಾಗ ಬಾಲ ಬಳುಕುತ್ತದೆ, ವೀರ್ಯಾಣು ಈಜುತ್ತದೆ. ಬಾಲ ಕೆಟ್ಟರೆ ಹುಟ್ಟುಗೋಲಿಲ್ಲದ ತೆಪ್ಪವನ್ನು ಹೇಮಾವತಿಗೆ ಬಿಟ್ಟ ಹಾಗೆ. ಇದ್ದಲ್ಲೇ ತಿರುಗುತ್ತದೆ, ದಡ ಮುಟ್ಟುವುದಿಲ್ಲ.

ಈ ಬಾಲ ಹೇಗೆ ತಯಾರಾಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಇಲಿಗಳನ್ನು ಬಳಸುತ್ತಾರೆ. ಇಲಿಯ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಯಾವುದಾದರೂ ಒಂದನ್ನು ಮಾತ್ರ ಕೆಲಸ ಮಾಡದಂತೆ ಮಾಡಿ, ಆ ಇಲಿಗೆ ಏನಾಗುತ್ತದೆ ಎಂದು ನೋಡುತ್ತಾರೆ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ಯಾಟ್‌ಸ್ಪರ್ ಎಂಬ ಒಂದು ಜೀನನ್ನು ಗುರುತಿಸಿದರು. ಅದು ವೀರ್ಯಾಣುವಿನ ಬಾಲಕ್ಕೆ ಸುಣ್ಣದ ಕಣಗಳನ್ನು ಒಳಬಿಡುವ ಬಾಗಿಲನ್ನು ಮಾಡುವ ಜೀನು. ಅದಿಲ್ಲದ ಗಂಡಿಲಿಗಳ ವೀರ್ಯಾಣುಗಳಿಗೆ ಅಂಡದ ಹೊರಪದರವನ್ನು ಭೇದಿಸುವಷ್ಟು ಬಲವಾಗಿ ಬಾಲ ಬಡಿಯಲು ಆಗಲಿಲ್ಲ. 2002ರಲ್ಲಿ ಎಕೆಎಪಿ-4 ಎಂಬ ಇನ್ನೊಂದು ಜೀನಿನ ವಿಷಯ ಬಂತು. ಅದಿಲ್ಲದ ಗಂಡಿಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಆದರೆ ಬಾಲದ ಸುತ್ತಲಿನ ಗಟ್ಟಿ ಹೊದಿಕೆ ಸರಿಯಾಗಿ ಬೆಳೆದಿರಲಿಲ್ಲ, ಬಾಲ ಮೋಟಾಗಿತ್ತು. ವೀರ್ಯಾಣುಗಳು ಮುಂದಕ್ಕೆ ಈಜುತ್ತಿರಲಿಲ್ಲ. ಆ ಇಲಿಗಳಿಂದ ಒಂದು ಮರಿಯೂ ಆಗಲಿಲ್ಲ.

ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ದುಡಿದ ಪ್ರೊ. ಎಂ.ಆರ್.ಎಸ್. ರಾವ್ ಅವರು, 2023ರಲ್ಲಿ ತೀರಿಕೊಂಡರು, ವೀರ್ಯಾಣುವಿನ ತಲೆಯೊಳಗೆ ವಂಶದ ಎಳೆ ಹೇಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ ಎಂಬುದನ್ನು ಇಲಿ ಹೆಗ್ಗಣಗಳಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದರು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರು ಮಕ್ಕಳಾಗದ ಭಾರತೀಯ ಗಂಡಸರ ವಂಶವಾಹಿಗಳನ್ನು ಪರೀಕ್ಷಿಸಿ, ಕೆಲವರಲ್ಲಿ ವೈ ವರ್ಣತಂತುವಿನ ಒಂದೊಂದು ತುಂಡೇ ಇಲ್ಲದಿರುವುದನ್ನು ತೋರಿಸಿದ್ದಾರೆ. ಅಂದಮೇಲೆ ಇದು ಯಾವುದೋ ಪರದೇಶದ ಗಂಡಸರ ಕಾಯಿಲೆಯಲ್ಲ.

ಈಗ ನಾನು ಹೇಳಬೇಕೆಂದಿರುವ ನ್ಯಾಯಕ್ಕೆ ಬರುತ್ತೇನೆ. ಬೋನಿನಲ್ಲಿ ಒಂದು ಜೋಡಿ ಇಲಿಗೆ ಮರಿಯಾಗದಿದ್ದರೆ ವಿಜ್ಞಾನಿ ಏನು ಮಾಡುತ್ತಾನೆ? ಜೀನ್ ಕೆಟ್ಟ ಗಂಡನ್ನು ಆರೋಗ್ಯವಂತ ಹೆಣ್ಣುಗಳ ಜೊತೆ ಬಿಡುತ್ತಾನೆ. ಅದೇ ಜೀನ್ ಕೆಟ್ಟ ಹೆಣ್ಣನ್ನು ಆರೋಗ್ಯವಂತ ಗಂಡಿನ ಜೊತೆ ಬಿಡುತ್ತಾನೆ. ಬೆಳಿಗ್ಗೆ ಎದ್ದು, ರಾತ್ರಿ ಕೂಡಿವೆಯೇ ಇಲ್ಲವೇ ಎಂಬ ಗುರುತನ್ನೂ ನೋಡುತ್ತಾನೆ. ಇಲಿ ಮೂರು ವಾರಕ್ಕೇ ಮರಿ ಹಾಕುವ ಪ್ರಾಣಿ, ಉತ್ತರ ಬೇಗ ಸಿಗುತ್ತದೆ. ಕ್ಯಾಟ್‌ಸ್ಪರ್ ಇಲಿಗಳಲ್ಲಿ ಸಿಕ್ಕ ಉತ್ತರ ಸ್ಪಷ್ಟವಾಗಿತ್ತು: ಗಂಡುಗಳು ಮಾಮೂಲಿನಂತೆ ಕೂಡಿದವು, ಆದರೆ ಮರಿಯಾಗಲಿಲ್ಲ. ಹೆಣ್ಣುಗಳಿಗೆ ಮಾಮೂಲಿನಂತೆ ಮರಿಯಾಯಿತು. ಎರಡೂ ಕಡೆ ಪರೀಕ್ಷೆ ಮಾಡದೆ ಯಾವ ವಿಜ್ಞಾನಿಯೂ ಹೆಣ್ಣಿಲಿಯ ಮೇಲೆ ದೋಷ ಬರೆಯುವುದಿಲ್ಲ. ಬರೆದರೆ ಅವನ ಲೇಖನವನ್ನು ಯಾರೂ ಅಚ್ಚು ಹಾಕುವುದಿಲ್ಲ.

ನಮ್ಮ ಊರುಗಳಲ್ಲೂ ಈ ಪ್ರಯೋಗ ನಡೆಯುತ್ತದೆ. ಎರಡನೇ ಮದುವೆ ಅಂದರೆ ಇದೇ ಅಲ್ಲವೇ? ಗಂಡನ್ನು ಹಾಗೇ ಇಟ್ಟುಕೊಂಡು ಹೆಣ್ಣನ್ನು ಬದಲಾಯಿಸುವುದು. ಆದರೆ ಪ್ರಯೋಗದ ಫಲಿತಾಂಶವನ್ನು ಓದುವವರು ಯಾರೂ ಇಲ್ಲ. ಹೊಳೆನರಸೀಪುರದ ಆ ಮನೆಯಲ್ಲಿ ಉತ್ತರ ಕಣ್ಣ ಮುಂದೆಯೇ ಕೂತಿತ್ತು, ಓದಲು ಯಾರೂ ಸಿದ್ಧರಿರಲಿಲ್ಲ.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಇದೆಯೇ ಎಂದು ನೀವು ಕೇಳಬಹುದು. ಇದೆ. 1976ರಲ್ಲಿಯೇ ಸ್ವೀಡನ್ನಿನ ಅಫ್‌ಜೆಲಿಯಸ್ ಎಂಬ ವಿಜ್ಞಾನಿ, ಚಿಕ್ಕಂದಿನಿಂದ ಬಿಡದ ಕೆಮ್ಮು, ಮೂಗು ಕಟ್ಟುವುದು ಇದ್ದ ಕೆಲವು ಗಂಡಸರ ವೀರ್ಯಾಣುಗಳು ಅಲುಗಾಡುವುದೇ ಇಲ್ಲ ಎಂದು ತೋರಿಸಿದರು. ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ಕೂದಲುಗಳಿಗೂ ವೀರ್ಯಾಣುವಿನ ಬಾಲಕ್ಕೂ ಒಳಗಿನ ಕಟ್ಟಡ ಒಂದೇ. ಕಟ್ಟಡ ಕೆಟ್ಟರೆ ಎರಡೂ ನಿಲ್ಲುತ್ತವೆ. 2009ರಲ್ಲಿ ಇರಾನಿನ ಕುಟುಂಬಗಳ ಗಂಡಸರಲ್ಲಿ ಕ್ಯಾಟ್‌ಸ್ಪರ್ ದೋಷ ಸಿಕ್ಕಿತು. 2014ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಉತ್ತರ ಆಫ್ರಿಕಾ ಮೂಲದ ಗಂಡಸರಲ್ಲಿ ಇನ್ನೊಂದು ಜೀನಿನ ದೋಷ ಕಂಡರು. ಅವರ ವೀರ್ಯಾಣುಗಳ ಬಾಲ ಕೆಲವದರಲ್ಲಿ ಮೋಟು, ಕೆಲವದರಲ್ಲಿ ಸುರುಳಿ, ಕೆಲವದರಲ್ಲಿ ಇಲ್ಲವೇ ಇಲ್ಲ. ಆ ಗಂಡಸರು ಬೇರೆಲ್ಲದರಲ್ಲೂ ಆರೋಗ್ಯವಾಗಿದ್ದರು. ಹೊರಗಿನಿಂದ ನೋಡಿ ಹೇಳುವಂಥದ್ದು ಏನೂ ಇರಲಿಲ್ಲ.

ಇಂಥ ದೋಷಗಳಲ್ಲಿ ಹಲವು, ಅಪ್ಪನಿಂದೊಂದು ಅಮ್ಮನಿಂದೊಂದು ಬರುವ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದೇ ಮನೆತನದವರಲ್ಲಿ ಒಂದೇ ಕೆಟ್ಟ ಪ್ರತಿ ಗುಟ್ಟಾಗಿ ಹರಿದು ಬಂದಿರಬಹುದು. ಹಾಗಾಗಿ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಕಾಣುವ ಸಂಭವ ಹೆಚ್ಚು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ತಂದೆತಾಯಿಯರನ್ನು ಕುರಿತ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದಾಗಿತ್ತು. ಇದನ್ನು ಹೇಳುವುದು ಯಾರನ್ನೂ ಹೆದರಿಸಲು ಅಲ್ಲ. ಸಂಬಂಧದಲ್ಲಿ ಮದುವೆಯಾದ ಬಹುಪಾಲು ಜನರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೆ 'ನಮ್ಮ ವಂಶದಲ್ಲಿ ಇಂಥದ್ದೆಲ್ಲ ಇಲ್ಲ' ಎಂದು ಎದೆ ತಟ್ಟಿಕೊಳ್ಳುವವರಿಗೆ ಒಂದು ಮಾತು ಹೇಳಬಹುದು: ವಂಶದಲ್ಲಿ ಏನಿದೆ ಎಂದು ವಂಶಕ್ಕೇ ಗೊತ್ತಿರುವುದಿಲ್ಲ.

ಬಾಲದ ಇಂಥ ದೊಡ್ಡ ದೋಷಗಳು ಅಪರೂಪ. ಆದರೆ ಗಂಡಿನ ಕಡೆಯ ಕಾರಣಗಳು ಅಪರೂಪವಲ್ಲ. ವೀರ್ಯಾಣು ಕಡಿಮೆ ಇರುವುದು, ಮಂದವಾಗಿ ಈಜುವುದು, ವೃಷಣದ ರಕ್ತನಾಳ ಊದಿಕೊಂಡಿರುವುದು, ಹಳೆಯ ಸೋಂಕು, ಹಾರ್ಮೋನಿನ ಕೊರತೆ, ಬೀಡಿ ಸಿಗರೇಟು, ವಿಪರೀತ ಕುಡಿತ, ಸದಾ ಬೆಂಕಿಯ ಮುಂದೆ ಕೆಲಸ, ಕೆಲವು ಕೀಟನಾಶಕಗಳು - ಹೀಗೆ ಪಟ್ಟಿ ಉದ್ದವಿದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿ.ಬಿ.ಸಿ.ಪಿ. ಎಂಬ ಜಂತುಹುಳು ನಾಶಕ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಅನೇಕರ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ್ದು ಬಯಲಾಯಿತು. ಮಕ್ಕಳಾಗದ ದಂಪತಿಗಳನ್ನು ಲೆಕ್ಕ ಹಾಕಿದರೆ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣ ಒಂಟಿಯಾಗಿಯೋ ಹೆಣ್ಣಿನ ಕಾರಣದ ಜೊತೆಗೋ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಒಂದು ಹಂತದಲ್ಲಿ ಈ ತೊಂದರೆಯನ್ನು ಕಾಣುತ್ತಾರೆ. ಹೀಗಿದ್ದೂ ನಮ್ಮ ಊರಿನ ಅಶ್ವತ್ಥಕಟ್ಟೆ ಸುತ್ತುವವಳು ಹೆಣ್ಣು, ಉಪವಾಸ ಇರುವವಳು ಹೆಣ್ಣು, ನಾಗರಕಲ್ಲಿಗೆ ಹಾಲೆರೆಯುವವಳು ಹೆಣ್ಣು.

ರಾಮಾಯಣವನ್ನೇ ನೋಡಿ. ದಶರಥನಿಗೆ ಮೂವರು ಪಟ್ಟದ ರಾಣಿಯರು. ಮೂವರಿಗೂ ಬಹಳ ಕಾಲ ಮಕ್ಕಳಿಲ್ಲ. ಕೊನೆಗೆ ಯಾಗದ ಪಾಯಸ ಬಂತು. ಕುಡಿದವರು ಯಾರು? ಮೂವರೂ ಹೆಂಗಸರೇ! ಕತೆಯನ್ನು ಹೀಯಾಳಿಸಲು ಹೇಳುತ್ತಿಲ್ಲ. ಮದ್ದನ್ನು ಯಾವಾಗಲೂ ಹೆಣ್ಣಿನ ಬಾಯಿಗೇ ಹಾಕುವ ನಮ್ಮ ಅಭ್ಯಾಸ ಎಷ್ಟು ಹಳೆಯದು ಎಂದು ತೋರಿಸಲು ಹೇಳುತ್ತಿದ್ದೇನೆ.

ಇನ್ನು ನಮ್ಮ ಕೊಟ್ಟಿಗೆಗೆ ಬನ್ನಿ. ಸಂಘದ ಸಾಲದಲ್ಲಿ ಹಸು ಕಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ! ಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಯವರು ಕಡ್ಡಿಯಲ್ಲಿ ವೀರ್ಯ ತಂದು ಇನ್ಸೆಮಿನೇಷನ್ ಮಾಡುತ್ತಾರೆ. ಆ ಕಡ್ಡಿ ಎಲ್ಲಿಂದ ಬರುತ್ತದೆ? ಬೆಂಗಳೂರು ಹತ್ತಿರದ ಹೆಸರಘಟ್ಟದಂಥ ಕಡೆ ಹೋರಿಗಳನ್ನು ಸಾಕಿ, ವೀರ್ಯ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ವೀರ್ಯಾಣು ಎಷ್ಟಿವೆ, ಚೆನ್ನಾಗಿ ಈಜುತ್ತವೆಯೇ ಎಂದು ನೋಡಿ, ಪಾಸಾದದ್ದನ್ನು ಮಾತ್ರ ಹೆಪ್ಪುಗಟ್ಟಿಸಿ ಕಳಿಸುತ್ತಾರೆ. ಹೋರಿಯ ಮರ್ಯಾದೆ ಹೋಯಿತು ಎಂದು ಯಾರೂ ಹೇಳಿಲ್ಲ. ನಾಲ್ಕು ಸಾವಿರ ಲಾಭದ ಕರುವಿಗಾಗಿ ಹೋರಿಯ ವೀರ್ಯವನ್ನು ಪರೀಕ್ಷೆ ಮಾಡಿಸುವ ನಾವು, ಒಂದು ಹೆಣ್ಣಿನ ಇಡೀ ಬಾಳು ತಕ್ಕಡಿಯಲ್ಲಿರುವಾಗ ಗಂಡಸಿನ ವೀರ್ಯ ಪರೀಕ್ಷೆ ಅಂದರೆ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೆ?

ಆ ಪರೀಕ್ಷೆ ಏನು ಎಂದು ಬಿಡಿಸಿ ಹೇಳುತ್ತೇನೆ. ಎರಡರಿಂದ ಏಳು ದಿನ ಹೆಂಡತಿಯಿಂದ ದೂರ ಇದ್ದು, ಲ್ಯಾಬಿನವರು ಕೊಡುವ ಶುದ್ಧವಾದ ಡಬ್ಬಿಯಲ್ಲಿ ವೀರ್ಯ ಕೊಡಬೇಕು. ಸೂಜಿ ಇಲ್ಲ, ನೋವಿಲ್ಲ, ಮಲಗುವುದಿಲ್ಲ. ಖರ್ಚು ಕೆಲವು ನೂರು ರೂಪಾಯಿ. ಹೆಣ್ಣಿಗೆ ಮಾಡುವ ಒಂದು ಎಕ್ಸ್‌ರೇಗೆ, ಒಂದು ದುರ್ಬೀನು ಆಪರೇಷನ್ನಿಗೆ ಹೋಲಿಸಿದರೆ ಅದು ಏನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ, ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನು ಅಳೆದು ಕೆಳಗಿನ ಮಿತಿಗಳನ್ನು ಹೇಳಿದ್ದಾರೆ: ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ನೂರರಲ್ಲಿ 42 ಅಲುಗಾಡುವಂಥವು, ನೂರರಲ್ಲಿ 4 ಸರಿಯಾದ ಆಕಾರದವು. ನೂರಕ್ಕೆ ಬರೀ ನಾಲ್ಕು! ಅಂದರೆ ಆರೋಗ್ಯವಂತ ಗಂಡಸಿನಲ್ಲೂ ಬಹುಪಾಲು ವೀರ್ಯಾಣುಗಳು ಸೊಟ್ಟಪಟ್ಟವೇ. ಒಂದು ಸಲದ ರಿಪೋರ್ಟು ನೋಡಿ ತೀರ್ಮಾನ ಮಾಡಬಾರದು, ಕಡಿಮೆ ಬಂದರೆ ಮತ್ತೆ ಮಾಡಿಸಬೇಕು. ಜ್ವರ ಬಂದಿದ್ದರೂ ಏರುಪೇರಾಗುತ್ತದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಿಗಿಂತ ಹೆಚ್ಚು ಬೇಕು.

ಇದು ಗಂಡಸ್ತನದ ಪರೀಕ್ಷೆ ಅಲ್ಲ ಎಂದು ಗಂಡಸರಿಗೂ ಹೇಳಬೇಕು. ಆ ಇಲಿಗಳು ಗಂಡಿಲಿಗಳೇ ಆಗಿದ್ದವು, ಕೂಡುವುದರಲ್ಲಿ ಕೊರತೆ ಇರಲಿಲ್ಲ. ಬಾಲದ ಒಂದು ಎಳೆ ಕೆಟ್ಟಿದ್ದಕ್ಕೆ ಅವುಗಳ ತಪ್ಪೇನು? ಹಾಗೆಯೇ ನಮ್ಮ ಗಂಡಂದಿರದೂ ತಪ್ಪಲ್ಲ. ದೋಷ ಕಂಡರೆ ಚಿಕಿತ್ಸೆಯೂ ಉಂಟು. ಸೋಂಕಿಗೆ, ಹಾರ್ಮೋನಿಗೆ, ರಕ್ತನಾಳದ ಊತಕ್ಕೆ ಮದ್ದೋ ಆಪರೇಷನ್ನೋ ಇದೆ. ಬಾಲದ ಕಟ್ಟಡವೇ ಕೆಟ್ಟಿದ್ದರೆ ಮಾತ್ರೆಯಿಂದ ಸರಿಹೋಗುವುದಿಲ್ಲ. 1992ರಿಂದ ಬಳಕೆಗೆ ಬಂದ ವಿಧಾನದಲ್ಲಿ ಒಂದೇ ಒಂದು ವೀರ್ಯಾಣುವನ್ನು ಹಿಡಿದು ಸೂಜಿಯಿಂದ ಅಂಡದೊಳಗೆ ಇಡುತ್ತಾರೆ. ಆದರೆ ಅದು ದುಬಾರಿ, ಫಲ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ, ಅದರಲ್ಲೂ ಇಂಜೆಕ್ಷನ್ನಿನ ನೋವು ಹೆಣ್ಣಿನ ಮೈಗೇ. ಗೋಡೆ ಮೇಲೆ ಬರೆಸುವ 'ಗ್ಯಾರಂಟಿ ಸಂತಾನ'ದವರನ್ನೂ, ಬಸ್‌ಸ್ಟ್ಯಾಂಡಿನ ಗುಪ್ತರೋಗದ ಡಾಕ್ಟರನ್ನೂ ನಂಬಿ ಸಾಲ ಮಾಡಬೇಡಿ.

'ನಾನ್ ಕೇಳಿದ್ರೆ ಚರ್ಮ ಸುಲೀತಾನೆ ಅಕ್ಕಾ' ಎಂದು ನಮ್ಮವರು ಹೇಳುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಹೊಡೆಯುವ ಗಂಡನ ಮುಂದೆ ಒಬ್ಬಳೇ ನಿಂತು 'ನೀನು ಪರೀಕ್ಷೆ ಮಾಡಿಸಿಕೋ' ಎನ್ನು ಎಂದು ನಾನು ಯಾವ ಹೆಣ್ಣಿಗೂ ಹೇಳುವುದಿಲ್ಲ. ಅದಕ್ಕಾಗಿಯೇ ಇದು ಸಂಘದ ಕೆಲಸವಾಗಬೇಕು. ಒಬ್ಬಳು ಕೇಳಿದರೆ ಅದು ಬಾಯಿಜೋರು, ಇಪ್ಪತ್ತು ಜನ ನಿಯಮ ಮಾಡಿದರೆ ಅದು ಪದ್ಧತಿ.

ನನ್ನ ಸಲಹೆ ಇಷ್ಟು. ಒಂದು: ಮಕ್ಕಳಿಲ್ಲದ್ದಕ್ಕೆ ಚಿಕಿತ್ಸೆಯೆಂದು ಸದಸ್ಯೆ ಸಂಘದಲ್ಲಿ ಸಾಲ ಕೇಳಿದರೆ, ಗಂಡನ ವೀರ್ಯ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿ. ಆಗಿಲ್ಲದಿದ್ದರೆ ಮೊದಲ ಸಾಲ ಅದಕ್ಕೇ ಕೊಡಿ. ಹೆಣ್ಣಿನ ಆಪರೇಷನ್ನಿನ ಸಾಲ ಆಮೇಲೆ. ಮನೆಯಲ್ಲಿ 'ಸಂಘದ ರೂಲ್ಸು, ನಾನೇನ್ ಮಾಡ್ಲಿ' ಎಂದು ಅವಳು ಹೇಳಬಹುದು. ಆದರೆ ಅವಳಿಗೆ ಹೊಟ್ಟೆನೋವೋ, ರಕ್ತಸ್ರಾವವೋ ಇದ್ದರೆ ಈ ನಿಯಮ ಅಡ್ಡ ಬರಬಾರದು. ಎರಡು: ರಿಪೋರ್ಟನ್ನು ಸಭೆಯಲ್ಲಿ ಓದಬೇಡಿ. ಪರೀಕ್ಷೆ ಆಯಿತೇ ಎಂಬುದಷ್ಟೇ ಸಂಘಕ್ಕೆ ಬೇಕು, ಫಲಿತಾಂಶ ಗಂಡ ಹೆಂಡಿರದು. ಮೂರು: ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಅತ್ತೆಯಂದಿರ ಮುಂದೆಯೇ ಇದನ್ನು ಹೇಳಿಸಿ. ಅತ್ತೆಯೂ ಒಂದು ಕಾಲದಲ್ಲಿ ಸೊಸೆಯೇ. ನಾಲ್ಕು: ಎರಡನೇ ಮದುವೆಯ ಮಾತು ಎದ್ದ ಮನೆಗೆ ಸಂಘದ ಐದು ಜನ ಒಟ್ಟಿಗೆ ಹೋಗಿ. ಹಿಂದೂ ವಿವಾಹ ಕಾಯಿದೆ, 1955ರ ಪ್ರಕಾರ ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನವಾಗದೆ ಮಾಡಿಕೊಂಡ ಮದುವೆ ಮದುವೆಯೇ ಅಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಅದಕ್ಕೆ ಏಳು ವರ್ಷದವರೆಗೆ ಜೈಲು ಇದೆ. ಮಕ್ಕಳಾಗಲಿಲ್ಲ ಎಂಬುದು ಆ ಕಾಯಿದೆಯಲ್ಲಿ ವಿಚ್ಛೇದನಕ್ಕೆ ಕಾರಣವೂ ಅಲ್ಲ.

ಇನ್ನೊಂದು ಕಾನೂನನ್ನು ಪ್ರತಿಯೊಬ್ಬ ಸದಸ್ಯೆಯೂ ಬಾಯಿಪಾಠ ಮಾಡಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮು ದೌರ್ಜನ್ಯ ಎಂದರೇನು ಎಂದು ವಿವರಿಸುವಾಗ, ಮಗುವಿಲ್ಲ ಎಂದು ಅಥವಾ ಗಂಡುಮಗುವಿಲ್ಲ ಎಂದು ಹೆಣ್ಣನ್ನು ಹೀಯಾಳಿಸುವುದನ್ನು, ಅವಮಾನಿಸುವುದನ್ನು ಹೆಸರಿಟ್ಟು ಸೇರಿಸಿದೆ. ಅಂದರೆ ಕೈ ಎತ್ತಬೇಕಾಗಿಲ್ಲ, 'ಬಂಜೆ' ಎಂಬ ಮಾತೇ ದೌರ್ಜನ್ಯ. ಆ ಮಾತು ಹೇಳಿದ್ದಕ್ಕೆ ಮ್ಯಾಜಿಸ್ಟ್ರೇಟರ ಬಳಿ ರಕ್ಷಣಾ ಆದೇಶ ಕೇಳಬಹುದು. ಅವಳನ್ನು ಗಂಡನ ಮನೆಯಿಂದ ಹೊರಗೆ ಹಾಕುವಂತಿಲ್ಲ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಸಂರಕ್ಷಣಾಧಿಕಾರಿಯನ್ನು ಕಾಣಿ. ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಹಿಂಸೆ ಮಿತಿಮೀರಿದರೆ ನ್ಯಾಯ ಸಂಹಿತೆಯ 85ನೇ ಕಲಮು ಇದೆ, ಹಿಂದೆ 498-ಎ ಎಂದು ನಾವು ಕರೆಯುತ್ತಿದ್ದದ್ದೇ ಅದು.

ಕೊನೆಯದಾಗಿ ಒಂದು ಎಚ್ಚರಿಕೆ. 'ದೋಷ ನನ್ನದಲ್ಲ, ಅವನದು' ಎಂಬ ರಿಪೋರ್ಟು ಕೈಗೆ ಬಂದರೆ ಹೆಣ್ಣಿಗೆ ಉಸಿರಾಡಿದಂತಾಗುತ್ತದೆ. ಆಗಲಿ. ಆದರೆ ರಿಪೋರ್ಟು ಹೆಣ್ಣಿನ ಕಡೆಯೇ ಕಾರಣ ಎಂದು ಬಂದರೆ? ಆಗ ಹೊಡೆಯಬಹುದೇ? ತವರಿಗೆ ಅಟ್ಟಬಹುದೇ? ನಮ್ಮ ಮರ್ಯಾದೆಯನ್ನು ಲ್ಯಾಬಿನ ಒಂದು ಹಾಳೆಗೆ ಕಟ್ಟಿಹಾಕಿದರೆ, ಹಾಳೆ ಎದುರು ಬಂದ ದಿನ ನಾವು ಮತ್ತೆ ಕಟ್ಟೆಯ ಕೆಳಗೇ ನಿಲ್ಲಬೇಕಾಗುತ್ತದೆ. ಪರೀಕ್ಷೆ ಬೇಕಾಗಿರುವುದು ಚಿಕಿತ್ಸೆಗೆ, ತೀರ್ಪಿಗೆ ಅಲ್ಲ. ಗಂಡಿನ ಅಂಗ ಕೆಟ್ಟಿರಲಿ, ಹೆಣ್ಣಿನದು ಕೆಟ್ಟಿರಲಿ, ಇಬ್ಬರದೂ ಸರಿಯಿದ್ದು ಯಾಕೆಂದು ಗೊತ್ತಾಗದೆ ಉಳಿಯಲಿ, ಹೆಣ್ಣು ಮನುಷ್ಯಳು ಎಂಬುದು ಬದಲಾಗುವುದಿಲ್ಲ. ಮಗು ಬೇಕಾದವರಿಗೆ ದತ್ತು ಪಡೆಯುವ ದಾರಿ ಇದೆ, ಗಂಡ ಹೆಂಡಿರಿಬ್ಬರೂ ಒಪ್ಪಿದರೆ ಕಾನೂನು ಅದಕ್ಕೆ ಜೊತೆಗಿದೆ. ಬೇಡವೆನ್ನುವವರು ಹಾಗೆಯೇ ಚೆನ್ನಾಗಿ ಬಾಳಬಹುದು. ನಮ್ಮ ಸಂಘಗಳ ಲೆಕ್ಕದ ಪುಸ್ತಕ ಬರೆಯುವವರಲ್ಲಿ, ಬ್ಯಾಂಕಿನವರ ಮುಂದೆ ಗಟ್ಟಿಯಾಗಿ ಮಾತಾಡುವವರಲ್ಲಿ ಮಕ್ಕಳಿಲ್ಲದ ಎಷ್ಟು ಅಕ್ಕಂದಿರಿದ್ದಾರೆ ಎಂದು ನೀವೇ ಎಣಿಸಿ ನೋಡಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿದ ಮೇಲೆ ಒಂದು ಹತ್ತು ನಿಮಿಷ ಇದಕ್ಕೆ ಕೊಡಿ. ನಮ್ಮ ಸಂಘದೊಳಗೆ ಯಾರೂ ಯಾರನ್ನೂ ಆ ಮಾತಿನಿಂದ ಕರೆಯುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಪುಲ್ಲಿಂಗವಿಲ್ಲದ ಆ ಪದಕ್ಕೆ ಜೋಡಿ ಪದವೊಂದನ್ನು ಹುಡುಕಿ ಗಂಡಸರನ್ನು ಬೈಯುವುದು ನಮಗೆ ಬೇಡ. ಇರುವ ಪದವನ್ನೇ ಬಿಟ್ಟುಬಿಡೋಣ.